ಬ್ಲೂಟೂತ್, ವೈ-ಫೈ, ಯುಎಸ್‌ಬಿ: ಹೆಸರಿನ ಹಿಂದೆ ಏನಿದೆ?

ಜಮಖಂಡಿ, ಮುಧೋಳ, ಬೀಳಗಿಯ ಮೊಬೈಲ್ ಅಂಗಡಿಗಳಿರಲಿ, ರಬಕವಿ-ಬನಹಟ್ಟಿಯ ಮಗ್ಗದ ಮನೆಗಳಿರಲಿ, ಬ್ಲೂಟೂತ್, ವೈ-ಫೈ, ಯುಎಸ್‌ಬಿ ಎಂಬ ಪದಗಳು ಇಂದು ಎಲ್ಲರ ನಾಲಗೆಯ ಮೇಲಿವೆ. ಆದರೆ ಈ ಹೆಸರುಗಳನ್ನು ಇಟ್ಟವರು ಯಾರು, ಯಾವ ಉದ್ದೇಶದಿಂದ ಇಟ್ಟರು ಎಂಬುದನ್ನು ಬಲ್ಲವರು ವಿರಳ. ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ಹೆಸರನ್ನು ನಂಬಿ ಹಣ ತೆರುವವರು ನಾವು. ಒಂದು ಹೆಸರು ಯಾವ ಭರವಸೆಯನ್ನು ಕೊಡುತ್ತದೆ, ಯಾವುದನ್ನು ಕೊಡುವುದಿಲ್ಲ ಎಂಬುದು ತಿಳಿಯದಿದ್ದರೆ ನಷ್ಟವೂ ನಮ್ಮದೇ.

ಸಂಖ್ಯೆ ಬೇರೆ, ಹೆಸರು ಬೇರೆ

ನೇಕಾರಿಕೆಯ ನಾಡಿನವರಿಗೆ ಈ ವಿಷಯವನ್ನು ನೂಲಿನ ಮೂಲಕವೇ ವಿವರಿಸಬಹುದು. ಹತ್ತಿಯ ನೂಲಿಗೆ ‘ಕೌಂಟ್’ ಎಂಬ ಸಂಖ್ಯೆ ಇರುತ್ತದೆ. 840 ಗಜ ಉದ್ದದ ಎಷ್ಟು ಲಡಿಗಳು ಸೇರಿದರೆ ಒಂದು ಪೌಂಡ್ ತೂಗುತ್ತವೆ ಎಂಬುದೇ ಆ ಸಂಖ್ಯೆ. ಅದು ಹೆಚ್ಚಿದಷ್ಟೂ ನೂಲು ತೆಳು. ನೇಯುವವನಿಗೆ ಈ ಲೆಕ್ಕ ಮುಖ್ಯ. ಉಡುವವಳು ಮಾತ್ರ ಸೀರೆಯನ್ನು ಕೇಳುವುದು ಹೆಸರು ಹಿಡಿದು.

ಗಣಕಯಂತ್ರಗಳನ್ನು ಜೋಡಿಸುವ ತಂತ್ರಜ್ಞಾನಗಳಲ್ಲಿಯೂ ಇಂತಹವೇ ಎರಡು ಪದರಗಳಿವೆ. ಒಂದು, ಎಂಜಿನಿಯರರ ಸಮಿತಿಗಳು ರೂಪಿಸುವ ಮಾನಕ. ಅದಕ್ಕೆ ಸಾಮಾನ್ಯವಾಗಿ ಇರುವುದು ಬರಿಯ ಸಂಖ್ಯೆ. ಇನ್ನೊಂದು, ಆ ಮಾನಕವನ್ನು ಮಾರುಕಟ್ಟೆಗೆ ತರಲು ಉದ್ಯಮಗಳು ಕೂಡಿ ಇಡುವ ಹೆಸರು. ಮೊದಲನೆಯದು ಯಂತ್ರಗಳು ಪರಸ್ಪರ ಮಾತನಾಡುವ ವ್ಯಾಕರಣವಾದರೆ, ಎರಡನೆಯದು ಗ್ರಾಹಕನೊಡನೆ ಆಡುವ ಮಾತು.

ಅರ್ಥವಿಲ್ಲದ ಹೆಸರು: ವೈ-ಫೈ

ತಂತಿಯಿಲ್ಲದೆ ಗಣಕಗಳನ್ನು ಜೋಡಿಸುವ ಮಾನಕವೊಂದನ್ನು ಐಇಇಇ ಎಂಬ ಅಂತಾರಾಷ್ಟ್ರೀಯ ಎಂಜಿನಿಯರರ ಸಂಸ್ಥೆ 1997ರಲ್ಲಿ ಪ್ರಕಟಿಸಿತು. ಅದರ ಹೆಸರು 802.11. ಎರಡು ವರ್ಷಗಳ ತರುವಾಯ 802.11ಬಿ ಬಂದಿತು. ಅಂಗಡಿಯಲ್ಲಿ ನಿಂತು ಇಂತಹ ಹೆಸರನ್ನು ಹೇಳಿ ಸಾಮಾನು ಕೇಳುವವರಾರು? ಹೀಗೆಂದೇ 1999ರಲ್ಲಿ ಕೆಲವು ಕಂಪನಿಗಳು ಒಕ್ಕೂಟವೊಂದನ್ನು ರಚಿಸಿಕೊಂಡು, ಹೆಸರಿಡುವುದನ್ನೇ ವೃತ್ತಿಯಾಗಿಸಿಕೊಂಡ ಇಂಟರ್‌ಬ್ರ್ಯಾಂಡ್ ಸಂಸ್ಥೆಯ ಮೊರೆಹೊಕ್ಕವು. ಆ ಸಂಸ್ಥೆ ಮುಂದಿಟ್ಟ ಹೆಸರುಗಳಲ್ಲಿ ಆಯ್ಕೆಯಾದುದು ವೈ-ಫೈ.

ಇದನ್ನು ‘ವೈರ್‌ಲೆಸ್ ಫಿಡೆಲಿಟಿ’ಯ ಸಂಕ್ಷೇಪವೆಂದು ಅನೇಕರು ನಂಬಿದ್ದಾರೆ. ವಾಸ್ತವದಲ್ಲಿ ಅದು ಯಾವುದರ ಸಂಕ್ಷೇಪವೂ ಅಲ್ಲವೆಂದು ಒಕ್ಕೂಟದ ಸ್ಥಾಪಕ ಸದಸ್ಯರಲ್ಲಿ ಒಬ್ಬರಾದ ಫಿಲ್ ಬೆಲೆಂಜರ್ ಮುಂದೆ ಸ್ಪಷ್ಟಪಡಿಸಿದರು. ಧ್ವನಿವರ್ಧಕಗಳ ಕಾಲದಿಂದ ಜನಕ್ಕೆ ಪರಿಚಿತವಾಗಿದ್ದ ‘ಹೈ-ಫೈ’ಗೆ ಪ್ರಾಸವಾಗುವಂತೆ ಕಟ್ಟಿದ ಪದವದು. ಹೆಸರಿಗೆ ಅರ್ಥ ಬೇಕೆಂಬ ಕೆಲವರ ಒತ್ತಾಯಕ್ಕೆ ಮಣಿದು ಆ ವಿವರಣೆಯನ್ನು ಘೋಷವಾಕ್ಯದಲ್ಲಿ ಸೇರಿಸಲಾಯಿತು. ಮುಂದೆ ಅದನ್ನು ಕೈಬಿಟ್ಟರೂ ತಪ್ಪು ತಿಳಿವಳಿಕೆ ಉಳಿದುಕೊಂಡಿತು.

ಹೆಸರಿಗೆ ಅರ್ಥವಿಲ್ಲದಿದ್ದರೂ ಕೆಲಸವಿದೆ. ಕೇಂದ್ರ ರೇಷ್ಮೆ ಮಂಡಳಿಯ ಆಶ್ರಯದಲ್ಲಿ 2004ರಲ್ಲಿ ಜಾರಿಗೆ ಬಂದ ‘ಸಿಲ್ಕ್ ಮಾರ್ಕ್’ ಮುದ್ರೆಯನ್ನು ನೆನೆಯಿರಿ. ಬಟ್ಟೆ ಶುದ್ಧ ರೇಷ್ಮೆಯದು ಎಂದು ಅದು ಸಾರುತ್ತದೆ. ನೇಯ್ಗೆ ಅಂದವಾಗಿದೆಯೇ, ಬೆಲೆ ನ್ಯಾಯವೇ ಎಂಬುದನ್ನು ಅದು ಹೇಳುವುದಿಲ್ಲ. ಅದರಂತೆಯೇ ವೈ-ಫೈ ಮುದ್ರೆಯು, ಒಂದು ಕಂಪನಿಯ ಉಪಕರಣ ಇನ್ನೊಂದು ಕಂಪನಿಯ ಉಪಕರಣದೊಡನೆ ಹೊಂದಿಕೊಂಡು ನಡೆಯುತ್ತದೆ ಎಂಬುದಕ್ಕೆ ಪ್ರಮಾಣ. ಮನೆಗೆ ಬರುವ ಅಂತರಜಾಲದ ವೇಗಕ್ಕೆ ಅದು ಹೊಣೆಯಲ್ಲ. ಮೊಬೈಲಿನಲ್ಲಿ ವೈ-ಫೈ ಗುರುತು ಪೂರ್ತಿ ಬೆಳಗುತ್ತಿದ್ದರೂ ‘ನೆಟ್’ ಬಾರದಿರುವುದು ಇದೇ ಕಾರಣಕ್ಕೆ. ಆ ಗುರುತು ತಿಳಿಸುವುದು ಕೋಣೆಯ ಮೂಲೆಯಲ್ಲಿರುವ ಪೆಟ್ಟಿಗೆಗೂ ಮೊಬೈಲಿಗೂ ನಡುವಿನ ನಂಟನ್ನು ಮಾತ್ರ.

ತಾತ್ಕಾಲಿಕವಾಗಿ ಬಂದ ಅರಸ

ವೈ-ಫೈ ಎಂಬುದು ಹಣ ಕೊಟ್ಟು ಮಾಡಿಸಿದ ಹೆಸರಾದರೆ, ಬ್ಲೂಟೂತ್ ಆಕಸ್ಮಿಕವಾಗಿ ಉಳಿದ ಹೆಸರು. ಹತ್ತಿರದ ಉಪಕರಣಗಳನ್ನು ರೇಡಿಯೋ ಅಲೆಗಳಿಂದ ಜೋಡಿಸುವ ಈ ಯೋಜನೆಯಲ್ಲಿ ಎರಿಕ್ಸನ್, ನೋಕಿಯಾ, ಇಂಟೆಲ್, ಐಬಿಎಂ, ತೋಷಿಬಾ ಕಂಪನಿಗಳು 1998ರಲ್ಲಿ ಕೈಗೂಡಿಸಿದವು. ಅದಕ್ಕೂ ಮುನ್ನ, 1997ರಲ್ಲಿ, ಇಂಟೆಲ್‌ನ ಜಿಮ್ ಕಾರ್ಡಾಕ್ ಅವರು ಈ ಹೆಸರನ್ನು ಸೂಚಿಸಿದ್ದರು. ಹತ್ತನೆಯ ಶತಮಾನದಲ್ಲಿ ಡೆನ್ಮಾರ್ಕ್ ಮತ್ತು ನಾರ್ವೆಗಳನ್ನು ಒಂದೇ ಆಳ್ವಿಕೆಗೆ ತಂದ ಹರಾಲ್ಡ್ ಎಂಬ ಅರಸನ ಅಡ್ಡಹೆಸರು ‘ನೀಲಿ ಹಲ್ಲು’. ಅವನು ನಾಡುಗಳನ್ನು ಕೂಡಿಸಿದಂತೆ ಗಣಕ ಮತ್ತು ದೂರವಾಣಿ ಉದ್ಯಮಗಳನ್ನು ಕೂಡಿಸಬೇಕೆಂಬುದು ಆಶಯವಾಗಿತ್ತು.

ಆದರೆ ಅದು ತಾತ್ಕಾಲಿಕ ಹೆಸರಷ್ಟೆ. ‘ರೇಡಿಯೋವೈರ್’ ಅಥವಾ ‘ಪ್ಯಾನ್’ ಎಂದು ನಾಮಕರಣ ಮಾಡುವ ಇರಾದೆ ಕಂಪನಿಗಳಿಗಿತ್ತು. ಶೋಧಿಸಿ ನೋಡಿದಾಗ ‘ಪ್ಯಾನ್’ ಎಂಬುದು ಅಂತರಜಾಲದಲ್ಲಿ ಸಹಸ್ರಾರು ಕಡೆ ಬಳಕೆಯಲ್ಲಿದ್ದುದು ಕಂಡಿತು. ರೇಡಿಯೋವೈರ್ ಹೆಸರಿನ ಹಕ್ಕು ಬೇರೆಯವರ ಬಳಿ ಇದೆಯೇ ಎಂಬ ಪರಿಶೀಲನೆ ಬಿಡುಗಡೆಯ ಹೊತ್ತಿಗೆ ಮುಗಿಯಲಿಲ್ಲ. ಉಳಿದುದು ಬ್ಲೂಟೂತ್ ಒಂದೇ. ಹರಾಲ್ಡನ ಹೆಸರಿನ ಎರಡು ಆದ್ಯಕ್ಷರಗಳನ್ನು ಪುರಾತನ ರೂನ್ ಲಿಪಿಯಲ್ಲಿ ಬೆಸೆದು ಅದರ ಲಾಂಛನವನ್ನು ರಚಿಸಲಾಗಿದೆ. ಹೆಸರಿಡುವವರಿಗೆ ಅರ್ಥ, ಅಂದ ಎರಡಕ್ಕಿಂತಲೂ ಮೊದಲು ಬೇಕಾದುದು ಬೇರೆಯವರ ಸ್ವತ್ತಾಗಿರದ ಪದ ಎಂಬುದಕ್ಕೆ ಇದು ಉತ್ತಮ ನಿದರ್ಶನ.

ಒಂದೇ ನಾಯಿ, ಎರಡು ಹೆಸರು

ಮುಧೋಳದ ಬೇಟೆ ನಾಯಿಯನ್ನು ಅರಿಯದವರು ಕಡಿಮೆ. ಅದನ್ನು ಒಂದು ಶ್ವಾನ ಸಂಸ್ಥೆ ‘ಕ್ಯಾರವಾನ್ ಹೌಂಡ್’ ಎಂದೂ ಮತ್ತೊಂದು ಸಂಸ್ಥೆ ‘ಮುಧೋಳ ಹೌಂಡ್’ ಎಂದೂ ದಾಖಲಿಸುತ್ತವೆ. ನಾಯಿ ಒಂದೇ, ತಿಳಿಯದವರಿಗೆ ಎರಡು ತಳಿಗಳಂತೆ ತೋರುತ್ತದೆ.

1995ರಲ್ಲಿ ಅಂಗೀಕೃತವಾದ ಐಇಇಇ 1394 ಎಂಬ ಜೋಡಣೆಯ ಮಾನಕಕ್ಕೂ ಇದೇ ಗತಿ ಒದಗಿತು. ಆ್ಯಪಲ್ ಅದನ್ನು ‘ಫೈರ್‌ವೈರ್’ ಎಂದಿತು, ಸೋನಿ ‘ಐ.ಲಿಂಕ್’ ಎಂದಿತು, ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ‘ಲಿಂಕ್ಸ್’ ಎಂದಿತು. ವಿಡಿಯೋ ಕ್ಯಾಮರಾದ ಮೇಲೆ ಒಂದು ಹೆಸರು, ಗಣಕದ ಮೇಲೆ ಇನ್ನೊಂದು ಹೆಸರು ಇದ್ದಾಗ ಇವೆರಡನ್ನೂ ಜೋಡಿಸಬಹುದೆಂದು ಗ್ರಾಹಕನಿಗೆ ತಿಳಿಯುವುದಾದರೂ ಹೇಗೆ? ಅಗ್ಗದ ಯುಎಸ್‌ಬಿ ಎಲ್ಲೆಡೆ ಹಬ್ಬಿದಂತೆ ಫೈರ್‌ವೈರ್ ಹಿಂದೆ ಸರಿಯಿತು. ಇಂದಿನ ಹೊಸ ಗಣಕಗಳಲ್ಲಿ ಅದರ ಕಿಂಡಿಯೇ ಇರುವುದಿಲ್ಲ.

ಒಂದೇ ಹೆಸರು, ಹಲವು ವೇಗ

ಯುಎಸ್‌ಬಿಯ ತೊಡಕು ಇದಕ್ಕೆ ತದ್ವಿರುದ್ಧ. ‘ಯೂನಿವರ್ಸಲ್ ಸೀರಿಯಲ್ ಬಸ್’ ಎಂಬ ಈ ಹೆಸರಿನ ಕೊನೆಯ ಪದಕ್ಕೂ ನಾವು ಏರುವ ಬಸ್ಸಿಗೂ ಮೂಲ ಒಂದೇ: ‘ಎಲ್ಲರಿಗಾಗಿ’ ಎಂಬ ಅರ್ಥದ ಲ್ಯಾಟಿನ್ ಪದ ‘ಓಮ್ನಿಬಸ್’. ಏಳು ಕಂಪನಿಗಳು ಕೂಡಿ 1996ರಲ್ಲಿ ಹೊರತಂದ ಈ ಮಾನಕದ ರೂಪಣೆಯಲ್ಲಿ ಇಂಟೆಲ್‌ನ ಅಜಯ್ ಭಟ್ಟರ ಪಾತ್ರ ದೊಡ್ಡದು. ಅವರು ಬಡೋದೆಯ ಮಹಾರಾಜ ಸಯ್ಯಾಜಿರಾವ್ ವಿಶ್ವವಿದ್ಯಾಲಯದಲ್ಲಿ ಓದಿದವರು.

ಹೆಸರು ಸರಳವಾಗಿತ್ತು, ಕೆಡಿಸಿದ್ದು ಮುಂದಿನ ಸಂಖ್ಯೆಗಳು. ಸೆಕೆಂಡಿಗೆ 5 ಗಿಗಾಬಿಟ್ ವೇಗದ ಯುಎಸ್‌ಬಿ 3.0 ಬಂದುದು 2008ರಲ್ಲಿ. ಮುಂದೆ ಅದೇ ವೇಗಕ್ಕೆ ‘3.1 ಜೆನ್ 1’ ಎಂದೂ, ಅನಂತರ ‘3.2 ಜೆನ್ 1’ ಎಂದೂ ಮರುನಾಮಕರಣವಾಯಿತು. ವೇಗ ಎಳ್ಳಷ್ಟೂ ಹೆಚ್ಚಲಿಲ್ಲ, ಸಂಖ್ಯೆ ಮಾತ್ರ ಏರಿತು. ಹಳೆಯ ಸರಕನ್ನು ಹೊಸ ಸಂಖ್ಯೆಯಡಿ ಮಾರಲು ಇದರಿಂದ ದಾರಿಯಾಯಿತು.

2014ರಲ್ಲಿ ಟೈಪ್-ಸಿ ಬಂದ ಮೇಲೆ ಗೊಂದಲ ಇಮ್ಮಡಿಸಿತು. “ಸಿ ಟೈಪ್ ಕೇಬಲ್ ಕೊಡ್ರಿ” ಎಂದು ಅಂಗಡಿಯಲ್ಲಿ ಕೇಳುತ್ತೇವೆ. ಆದರೆ ‘ಸಿ’ ಎಂಬುದು ತುದಿಯ ಆಕಾರದ ಹೆಸರೇ ಹೊರತು ವೇಗದ ಹೆಸರಲ್ಲ. ಆಕಾರದಲ್ಲಿ ಒಂದೇ ತೆರನಾದ ಎರಡು ಕೇಬಲ್‌ಗಳಲ್ಲಿ ಒಂದು ಸೆಕೆಂಡಿಗೆ 480 ಮೆಗಾಬಿಟ್ ಸಾಗಿಸಿದರೆ ಇನ್ನೊಂದು 40 ಗಿಗಾಬಿಟ್ ಸಾಗಿಸಬಹುದು. ಎಂಬತ್ತು ಪಟ್ಟಿಗೂ ಮೀರಿದ ಅಂತರ! ವಿದ್ಯುತ್ತಿನಲ್ಲಿಯೂ ಹಾಗೆಯೇ: ಒಂದು 60 ವ್ಯಾಟ್, ಇನ್ನೊಂದು 240 ವ್ಯಾಟ್. ಈ ಅವಾಂತರವನ್ನು ಸರಿಪಡಿಸಲು ಯುಎಸ್‌ಬಿ ಒಕ್ಕೂಟ 2022ರಲ್ಲಿ, ಆವೃತ್ತಿಯ ಸಂಖ್ಯೆಗೆ ಬದಲು ವೇಗವನ್ನೂ ವ್ಯಾಟನ್ನೂ ನೇರವಾಗಿ ಮುದ್ರಿಸುವ ಪದ್ಧತಿಗೆ ಹೊರಳಿತು. ವೈ-ಫೈ ಒಕ್ಕೂಟವೂ 2018ರಲ್ಲಿ 802.11ಎನ್, 802.11ಎಸಿ ಮೊದಲಾದವುಗಳಿಗೆ ವೈ-ಫೈ 4, ವೈ-ಫೈ 5 ಎಂಬ ಸುಲಭ ಕ್ರಮಸಂಖ್ಯೆಗಳನ್ನು ಕೊಟ್ಟಿತು.

ನಮ್ಮ ಸರಕಾರಗಳ ನಾಮಕರಣ

ಹೆಸರಿನ ಮಹಿಮೆಯನ್ನು ನಮ್ಮ ಸರಕಾರಗಳೂ ಬಲ್ಲವು. ಗ್ರಾಮ ಪಂಚಾಯತಿಗಳಿಗೆ ಬೆಳಕಿನ ತಂತು ಒಯ್ಯಲು 2011ರಲ್ಲಿ ಮಂಜೂರಾದ ‘ನ್ಯಾಷನಲ್ ಆಪ್ಟಿಕಲ್ ಫೈಬರ್ ನೆಟ್‌ವರ್ಕ್’ ಮುಂದೆ ‘ಭಾರತ್‌ನೆಟ್’ ಆಯಿತು. ಸಾರ್ವಜನಿಕ ವೈ-ಫೈಗಾಗಿ 2020ರ ಡಿಸೆಂಬರಿನಲ್ಲಿ ಕೇಂದ್ರ ಸಂಪುಟ ಒಪ್ಪಿದ ಯೋಜನೆ ‘ಪಿಎಂ-ವಾಣಿ’. ಇಂಗ್ಲಿಷ್ ಪದಗಳ ಆದ್ಯಕ್ಷರಗಳು ಕೂಡಿ ‘ವಾಣಿ’ ಎಂಬ ದೇಸೀ ನುಡಿ ಹೊಮ್ಮುವಂತೆ ಹೆಣೆದ ಹೆಸರದು. ಕರ್ನಾಟಕ ಸರಕಾರ 2006ರಲ್ಲಿ ಹೋಬಳಿ ಮಟ್ಟದಲ್ಲಿ ತೆರೆದ ಗಣಕ ಕೇಂದ್ರಗಳಿಗೆ ‘ನೆಮ್ಮದಿ’ ಎಂದು ಹೆಸರಿಟ್ಟಿತ್ತು. ಉತಾರಕ್ಕಾಗಿ ತಾಲ್ಲೂಕು ಕಚೇರಿಗೆ ಅಲೆಯುತ್ತಿದ್ದ ರೈತನಿಗೆ ಯಾವ ಸಂಕ್ಷೇಪಾಕ್ಷರವೂ ಹೇಳದ ಮಾತನ್ನು ಆ ಒಂದು ಕನ್ನಡ ಪದ ಹೇಳುತ್ತಿತ್ತು. ಆದರೆ ಹೆಸರು ಕೊಟ್ಟ ಮಾತನ್ನು ನಡೆಸಬೇಕಾದುದು ತಂತಿ, ವಿದ್ಯುತ್ತು ಮತ್ತು ಕೇಂದ್ರದಲ್ಲಿ ಕುಳಿತ ಸಿಬ್ಬಂದಿ.

ಅಂಗಡಿಯಲ್ಲಿ ಕೇಳಬೇಕಾದುದು

ಆದ್ದರಿಂದ ಹೆಸರನ್ನು ಹೆಸರಾಗಿಯೇ ಕಾಣುವುದು ಕ್ಷೇಮ. ಕೇಬಲ್ ಕೊಳ್ಳುವಾಗ ತುದಿಯ ಆಕಾರದ ಜತೆಗೆ ಅದು ಸಾಗಿಸುವ ವೇಗವೆಷ್ಟು, ತಾಳುವ ವ್ಯಾಟ್ ಎಷ್ಟು ಎಂದು ಪೊಟ್ಟಣದ ಮೇಲೆ ಹುಡುಕಿ. ವೈ-ಫೈ ಪೆಟ್ಟಿಗೆ ಕೊಳ್ಳುವಾಗ ಅದರ ಕ್ರಮಸಂಖ್ಯೆ ನಿಮ್ಮ ಮೊಬೈಲಿಗೆ ಹೊಂದುವುದೇ ಎಂದು ನೋಡಿ. ಮನೆಗೆ ಬರುತ್ತಿರುವ ಸಂಪರ್ಕವೇ ಮಂದವಾಗಿದ್ದರೆ ದುಬಾರಿ ಪೆಟ್ಟಿಗೆಯಿಂದ ಅದು ಚುರುಕಾಗದು. ನೂಲಿನ ಕೌಂಟ್ ಕೇಳದೆ ಹಣ ಎಣಿಸುವ ನೇಕಾರ ನಮ್ಮಲ್ಲಿ ಸಿಗಲಾರ. ಆ ಜಾಣ್ಮೆಯನ್ನು ಮೊಬೈಲ್ ಅಂಗಡಿಯ ಕಟ್ಟೆಯ ಮುಂದೆಯೂ ತೋರಿದರೆ ಸಾಕು.