ಕೊಡದ ನೀರೂ ಕೀಲುನೋವಿನ ಜ್ವರವೂ

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್, ಚಿಂಚೋಳಿಗಳ ಸೀಮೆಯು ಬಿಸಿಲಿಗೂ ಸುಣ್ಣಕಲ್ಲಿಗೂ ಹೆಸರಾದುದು. ನೀರಿನ ಕೊರತೆಯುಳ್ಳ ಇಂತಹ ನಾಡಿನಲ್ಲಿ, ನೀರಿನಲ್ಲಿ ಹುಟ್ಟುವ ಸೊಳ್ಳೆಯಿಂದ ಹರಡುವ ವೈರಸ್ ರೋಗವು ಹಬ್ಬುವುದು ಹೇಗೆ? ಈ ಪ್ರಶ್ನೆ ಸಹಜವಾದುದು. ಆದರೆ 2006ರಲ್ಲಿ ಭಾರತದಲ್ಲಿ ಚಿಕುನ್‌ಗುನ್ಯ ತಗುಲಿರಬಹುದೆಂದು ಎಣಿಸಲಾದ ಸುಮಾರು 13.9 ಲಕ್ಷ ಮಂದಿಯಲ್ಲಿ 7.5 ಲಕ್ಷ ಮಂದಿ ಕರ್ನಾಟಕದವರೇ ಆಗಿದ್ದರು. ಆಗ ಗುಲ್ಬರ್ಗ ಎನಿಸಿಕೊಂಡಿದ್ದ ಕಲಬುರಗಿ ಜಿಲ್ಲೆಯೂ ಪೀಡಿತ ಜಿಲ್ಲೆಗಳಲ್ಲೊಂದು.

ವೈರಸ್ಸಿನ ದಾರಿಗಳು

ಚಿಕುನ್‌ಗುನ್ಯದ ವೈರಸ್ಸಿನ ವ್ಯಾಸ ಸುಮಾರು 70 ನ್ಯಾನೊಮೀಟರು. ಒಂದು ಮಿಲಿಮೀಟರಿನಲ್ಲಿ ಸುಮಾರು 14,000 ವೈರಸ್ಸುಗಳನ್ನು ಸಾಲಾಗಿ ಇಡಬಹುದು. ವೈರಸ್ ಸ್ವತಂತ್ರವಾಗಿ ವೃದ್ಧಿಹೊಂದಲಾರದು. ಜೀವಕೋಶವನ್ನು ಹೊಕ್ಕು, ಅದರ ಸಾಮಗ್ರಿಯಿಂದಲೇ ತನ್ನ ಪ್ರತಿಗಳನ್ನು ಮಾಡಿಸಿಕೊಳ್ಳುವುದು. ಆದುದರಿಂದ ಒಂದು ದೇಹದಿಂದ ಇನ್ನೊಂದಕ್ಕೆ ದಾಟುವ ಮಾರ್ಗವು ಅದಕ್ಕೆ ಅತ್ಯಗತ್ಯ. ದಡಾರ, ಇನ್‌ಫ್ಲುಯೆಂಜ, ಕೋವಿಡ್‌ಗಳು ಉಸಿರಿನ ಮೂಲಕ ಹರಡುವುವು. ಹೆಪಟೈಟಿಸ್ 'ಎ' ಮತ್ತು 'ಇ' ಎಂಬ ಕಾಮಾಲೆಗಳು ಮಲಿನವಾದ ನೀರಿನಿಂದ. ರೇಬೀಸ್ ಮುಖ್ಯವಾಗಿ ನಾಯಿಯ ಕಡಿತದಿಂದ. ಚಿಕುನ್‌ಗುನ್ಯ ಮತ್ತು ಡೆಂಗೆಗಳ ವಾಹನ ಈಡಿಸ್ ಸೊಳ್ಳೆ.

ರೋಗದ ಗುರುತುಗಳು

'ಚಿಕುನ್‌ಗುನ್ಯ' ಎಂಬುದು ಪೂರ್ವ ಆಫ್ರಿಕದ ಮಕೊಂಡೆ ಭಾಷೆಯ ಮಾತು, ಬಾಗಿಸುವುದು ಎಂದರ್ಥ. ಹಠಾತ್ತನೆ ಜ್ವರವೇರಿ, ಮಣಿಕಟ್ಟು, ಮೊಣಕಾಲು, ಬೆರಳುಗಳ ಕೀಲುಗಳು ನೋಯುವುವು. ಜ್ವರ ಕೆಲವೇ ದಿನಗಳಲ್ಲಿ ಇಳಿದರೂ ಕೆಲವರಲ್ಲಿ ನೋವು ತಿಂಗಳುಗಟ್ಟಲೆ ಉಳಿಯುವುದು. ಸಾವು ವಿರಳ, ಆದರೆ ದಿನಗೂಲಿಯವನಿಗೆ ಕೈಕಾಲು ಆಡದಿರುವುದೇ ದೊಡ್ಡ ನಷ್ಟ.

ಡೆಂಗೆಯು ಇದಕ್ಕಿಂತ ಅಪಾಯಕರ. ತಲೆನೋವು, ಕಣ್ಣಿನ ಹಿಂಭಾಗದ ನೋವು ಅದರ ಮೊದಲ ಗುರುತುಗಳು. ಜ್ವರ ಇಳಿಯುವ ಸಮಯದಲ್ಲಿಯೇ ತೀವ್ರವಾದ ಹೊಟ್ಟೆನೋವು, ಬಿಡದ ವಾಂತಿ, ವಸಡಿನಲ್ಲಿ ರಕ್ತ ಕಾಣಿಸಿದರೆ ತಡಮಾಡದೆ ಆಸ್ಪತ್ರೆಗೆ ಹೋಗತಕ್ಕದ್ದು. ಡೆಂಗೆಯ ಶಂಕೆಯಿದ್ದಾಗ ಆಸ್ಪಿರಿನ್ ಸೇವಿಸಬಾರದು. ಅದು ರಕ್ತಸ್ರಾವವನ್ನು ಹೆಚ್ಚಿಸಬಲ್ಲುದು.

ಸೊಳ್ಳೆಯ ತೊಟ್ಟಿಲು

ಶಹಾಬಾದ್, ವಾಡಿಗಳ ಸುತ್ತಲಿನ ಕಲ್ಲುಗಣಿಗಳಲ್ಲಿ ನಿಂತ ನೀರನ್ನೇ ನಾವು ಮೊದಲು ಶಂಕಿಸುತ್ತೇವೆ. ಅಂತಹ ನೀರಿನಲ್ಲಿ ಮಲೇರಿಯದ ಸೊಳ್ಳೆ ಬೆಳೆಯಬಲ್ಲುದು. ಈಡಿಸ್‌ಗೆ ಬೇಕಾದುದು ಮನೆಯ ಸಮೀಪದ ತಿಳಿನೀರು: ಹರವಿ, ಪೀಪಾಯಿ, ತೊಟ್ಟಿ, ಒಗೆದ ಟೈರು. ನಲ್ಲಿಯಲ್ಲಿ ನಿತ್ಯವೂ ನೀರು ಬಾರದಿದ್ದರೆ ಜನರು ತುಂಬಿಡುವರು. ತುಂಬಿಟ್ಟಲ್ಲಿ ಸೊಳ್ಳೆ ಮೊಟ್ಟೆಯಿಡುವುದು. ನೀರಿನ ಕೊರತೆಯೇ ರೋಗಕ್ಕೆ ಎಡೆಮಾಡಿಕೊಡುವುದೆಂಬುದು ಇದರ ಮರ್ಮ.

ಮರಿಹುಳುವು ನೀರಿನ ಮೇಲ್ಮೈ ಎಳೆತದ ಬಲದಿಂದ, ಉಸಿರ್ಗೊಳವೆಯನ್ನು ಮೇಲಕ್ಕೆ ಚಾಚಿ, ತಲೆಕೆಳಗಾಗಿ ತೂಗಾಡುವುದು. ಎಣ್ಣೆಯ ತೆಳುಪೊರೆ ಹರಡಿದರೆ ಆ ಎಳೆತ ಕುಗ್ಗಿ, ಕೊಳವೆಯೊಳಗೆ ಎಣ್ಣೆ ಹೊಕ್ಕು, ಹುಳು ಉಸಿರುಕಟ್ಟಿ ಸಾಯುವುದು. ಬಳಸದ ನೀರಿಗೆ ಮಾತ್ರ ಈ ಉಪಾಯ ಸಲ್ಲುವುದು.

ಏಳು ದಿನಗಳ ಲೆಕ್ಕ

ಮೊಟ್ಟೆಯು ಸೊಳ್ಳೆಯಾಗಲು ನಮ್ಮ ಹವೆಯಲ್ಲಿ ಸುಮಾರು 7ರಿಂದ 10 ದಿನಗಳು ಬೇಕು. ವಾರಕ್ಕೊಮ್ಮೆ ಪಾತ್ರೆಯನ್ನು ಬರಿದುಮಾಡಿದರೆ ಈ ಸರಪಳಿ ತುಂಡಾಗುವುದು. ಆದರೆ ನೀರಿನ ಅಂಚಿನ ಮೇಲೆ, ಪಾತ್ರೆಯ ಗೋಡೆಗೆ ಅಂಟಿದ ಮೊಟ್ಟೆಗಳು ಒಣಗಿಯೂ ತಿಂಗಳುಗಟ್ಟಲೆ ಬದುಕಿರಬಲ್ಲುವು. ಆದುದರಿಂದ ಬರಿದುಮಾಡಿದರೆ ಸಾಲದು, ಒಳಮೈಯನ್ನು ತಿಕ್ಕಿ ತೊಳೆಯಬೇಕು. ನೀರನ್ನು ಚೆಲ್ಲೆಂದು ಬಾಯಾರಿದ ಊರಿಗೆ ಹೇಳುವುದು ಸಲ್ಲದು. ದಟ್ಟವಾದ ಬಟ್ಟೆಯಲ್ಲಿ ಸೋಸಿ, ತೊಳೆದ ಬೇರೊಂದು ಪಾತ್ರೆಗೆ ತುಂಬಿ, ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಬಹುದು.

ಈಡಿಸ್ ಸಾಮಾನ್ಯವಾಗಿ ಕೆಲವು ನೂರು ಮೀಟರುಗಳಾಚೆ ಹಾರದು. ರೋಗವನ್ನು ಊರಿಂದೂರಿಗೆ ಒಯ್ಯುವವನು ರಕ್ತದಲ್ಲಿ ವೈರಸ್ಸನ್ನು ಹೊತ್ತ ಪ್ರಯಾಣಿಕ. ಸೊಲ್ಲಾಪುರ, ಗುಂತಕಲ್ಲು, ಸಿಕಂದರಾಬಾದುಗಳ ಹಳಿಗಳು ಕೂಡುವ ವಾಡಿಯಂತಹ ಜಂಕ್ಷನ್ನಿನಲ್ಲಿ ಇದನ್ನು ನೆನೆಯುವುದು ಉಚಿತ. ಜ್ವರ ಬಂದವನು ಮೊದಲ ವಾರ ಹಗಲಿನಲ್ಲಿಯೂ ಸೊಳ್ಳೆಪರದೆಯೊಳಗೆ ಮಲಗಬೇಕು. ಈಡಿಸ್ ಕಚ್ಚುವುದು ಹಗಲಿನಲ್ಲಿಯೇ.

1973ರಲ್ಲಿ ಸೊಲ್ಲಾಪುರ ಜಿಲ್ಲೆಯ ಬಾರ್ಶಿಯಲ್ಲಿ ಹಬ್ಬಿದ ತರುವಾಯ ಚಿಕುನ್‌ಗುನ್ಯ ಮೂರು ದಶಕಗಳ ಕಾಲ ಮರೆಯಾಗಿದ್ದು, 2005ರ ಕೊನೆಯಲ್ಲಿ ಮರಳಿತು. ಅಷ್ಟರಲ್ಲಿ ರೋಗನಿರೋಧಶಕ್ತಿಯಿಲ್ಲದ ಹೊಸ ಪೀಳಿಗೆಯೇ ಬೆಳೆದಿದ್ದಿತು. ಜ್ವರವಿಲ್ಲದ ವರ್ಷಗಳಲ್ಲಿಯೂ ಎಚ್ಚರ ಬೇಕೆಂಬುದಕ್ಕೆ ಇದೇ ಸಾಕ್ಷಿ. ನೆರೆಮನೆಯ ಪೀಪಾಯಿಯ ಸೊಳ್ಳೆ ನಮ್ಮನ್ನೂ ಕಚ್ಚುವುದರಿಂದ, ಓಣಿಯವರೆಲ್ಲ ವಾರದ ಒಂದೇ ದಿನ ಪಾತ್ರೆಗಳನ್ನು ತೊಳೆಯಲಿ. ಊರಾಡಳಿತವು ನಿತ್ಯವೂ ನೀರು ಬರುವಂತೆ ಮಾಡಲಿ. ವಿದ್ಯಾರ್ಥಿಗಳು ಮೊದಲನೆಯ ಕೆಲಸವನ್ನು ಈ ವಾರವೇ ಆರಂಭಿಸಬಹುದು.