ಅಜ್ಜನ ಕೆಮ್ಮು, ಮೊಮ್ಮಗುವಿನ ಜ್ವರ



ವೃದ್ಧರು ಕೆಮ್ಮಿದರೆ ‘ಮುಪ್ಪಿನ ಕೆಮ್ಮು’ ಎಂದೂ, ಮಕ್ಕಳು ಸೊರಗಿದರೆ ‘ದೃಷ್ಟಿ ತಾಗಿದೆ’ ಎಂದೂ ಸುಮ್ಮನಾಗುವುದು ನಮ್ಮಲ್ಲಿ ರೂಢಿ. ಕೆಲವು ವರ್ಷಗಳ ಹಿಂದೆ ಎಪ್ಪತ್ತು ದಾಟಿದ ಹಿರಿಯರೊಬ್ಬರು ಕೆಮ್ಮಿಗೆ ಕಷಾಯ ಕೇಳಿಕೊಂಡು ನನ್ನಲ್ಲಿಗೆ ಬಂದರು. ಕೆಮ್ಮು ಎರಡು ತಿಂಗಳಿನದು. ಸಂಜೆ ಸಣ್ಣ ಜ್ವರ. ರಾತ್ರಿ ಅವರ ಮಗ್ಗುಲಲ್ಲಿ ಮಲಗುತ್ತಿದ್ದವಳು ಮೂರು ವರ್ಷದ ಮೊಮ್ಮಗಳು. ಅವಳ ತೂಕ ಆರು ತಿಂಗಳಿನಿಂದ ಏರಿರಲಿಲ್ಲ. ಪರೀಕ್ಷೆಯಲ್ಲಿ ಇಬ್ಬರಿಗೂ ಕ್ಷಯ ಇರುವುದು ತಿಳಿಯಿತು.

ಚರಕ ಸಂಹಿತೆಯ ಚಿಕಿತ್ಸಾಸ್ಥಾನದಲ್ಲಿ ‘ರಾಜಯಕ್ಷ್ಮ’ಕ್ಕೆ ಒಂದು ಅಧ್ಯಾಯವೇ ಮೀಸಲಾಗಿದೆ. ದೇಹದ ಧಾತುಗಳು ಕ್ಷೀಣಿಸುವ ಬಗೆಯನ್ನು ಪ್ರಾಚೀನರು ಸೂಕ್ಷ್ಮವಾಗಿ ಕಂಡಿದ್ದರು. ಆದರೆ ಈ ರೋಗಕ್ಕೆ ಕಾರಣವಾದ ಜೀವಾಣುವನ್ನು ರಾಬರ್ಟ್ ಕಾಖ್ ಲೋಕಕ್ಕೆ ತೋರಿಸಿದ್ದು 1882ರ ಮಾರ್ಚ್ 24ರಂದು. ಅದನ್ನು ಕೊಲ್ಲುವ ಔಷಧ ದೊರೆಯುವ ಮುನ್ನ ಅರಮನೆಯವರಿಗೂ ಬಿಡುಗಡೆ ಇರಲಿಲ್ಲ. ಮೈಸೂರಿನ ಕ್ಷಯರೋಗ ಆಸ್ಪತ್ರೆಯು ಇದೇ ರೋಗಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರನ್ನೇ ಹೊತ್ತಿದೆ.

ಇಂದಿನ ಚಿಕಿತ್ಸೆಯ ಕ್ರಮ ಹೀಗಿದೆ: ಸಾಮಾನ್ಯ ಕ್ಷಯಕ್ಕೆ ಮೊದಲ ಎರಡು ತಿಂಗಳು ಐಸೋನಿಯಾಜಿಡ್, ರಿಫಾಂಪಿಸಿನ್, ಪೈರಾಜಿನಮೈಡ್, ಇಥಾಂಬುಟಾಲ್ ಎಂಬ ನಾಲ್ಕು ಔಷಧಗಳು, ಮುಂದಿನ ನಾಲ್ಕು ತಿಂಗಳು ಪೈರಾಜಿನಮೈಡ್ ಬಿಟ್ಟು ಉಳಿದ ಮೂರು. ಇವನ್ನು ಪ್ರತಿದಿನವೂ ಸೇವಿಸಬೇಕು. ನಾಲ್ಕೇಕೆ? ಕೋಟ್ಯಂತರ ಜೀವಾಣುಗಳಲ್ಲಿ ಒಂದು ಔಷಧಕ್ಕೆ ಬಗ್ಗದವು ಕೆಲವು ಇದ್ದೇ ಇರುತ್ತವೆ. ಅವನ್ನು ಇನ್ನೊಂದು ಔಷಧ ಕೊಲ್ಲುತ್ತದೆ. ಆರು ತಿಂಗಳೇಕೆ? ಚುರುಕಾದ ಜೀವಾಣುಗಳು ಬೇಗ ಸಾಯುತ್ತವೆ, ಮಂದಗತಿಯಲ್ಲಿ ಅಡಗಿರುವವು ಬಹಳ ಕಾಲ ಉಳಿಯುತ್ತವೆ. ಕೆಮ್ಮು ನಿಂತಿತೆಂದು ಔಷಧ ಬಿಟ್ಟರೆ ಅಡಗಿದ್ದವು ಮತ್ತೆ ಏಳುತ್ತವೆ. ಔಷಧಕ್ಕೆ ಬಗ್ಗದ ಕ್ಷಯವೂ ಹುಟ್ಟಬಹುದು.

ಮಕ್ಕಳ ವಿಷಯದಲ್ಲಿ ಕಷ್ಟ ಆರಂಭವಾಗುವುದು ಪರೀಕ್ಷೆಯಿಂದಲೇ. ಅವರಿಗೆ ಕಫ ಉಗುಳಲು ಬರುವುದಿಲ್ಲ. ನುಂಗಿದ ಕಫವನ್ನು ಬೆಳಿಗ್ಗೆ ಹಸಿದ ಹೊಟ್ಟೆಯಲ್ಲಿ ಜಠರದಿಂದ ನಳಿಕೆಯ ಮೂಲಕ ತೆಗೆಯಬೇಕಾಗಬಹುದು. ಮಗುವಿನ ದೇಹ ಔಷಧವನ್ನು ಬೇಗ ಕರಗಿಸಿ ಹೊರಹಾಕುವುದರಿಂದ, ತೂಕದ ಪ್ರತಿ ಕಿಲೋಗೆ ದೊಡ್ಡವರಿಗಿಂತ ಹೆಚ್ಚು ಪ್ರಮಾಣ ಬೇಕು. ಆದ್ದರಿಂದ ದೊಡ್ಡವರ ಮಾತ್ರೆಯನ್ನು ಮುರಿದು ಅಂದಾಜಿನಿಂದ ಕೊಡಲಾಗದು. ನೀರಿನಲ್ಲಿ ಕರಗುವ ಮಕ್ಕಳ ಮಾತ್ರೆಗಳೇ ಇವೆ. ತೂಕ ಏರಿದಂತೆ ಪ್ರಮಾಣವೂ ಬದಲಾಗುವುದರಿಂದ ಪ್ರತಿ ತಿಂಗಳು ತೂಕ ಮಾಡಿಸಬೇಕು.

ವೃದ್ಧರಲ್ಲಿ ಎಚ್ಚರಿಕೆ ಬೇರೆ ತೆರನಾದುದು. ಯಕೃತ್ತು, ಮೂತ್ರಪಿಂಡಗಳು ದಣಿದಿರುತ್ತವೆ. ಕಣ್ಣು ಹಳದಿಯಾಗುವುದು, ನಿಲ್ಲದ ವಾಂತಿ, ಊಟ ಸೇರದಿರುವುದು ಯಕೃತ್ತಿನ ತೊಂದರೆಯ ಸೂಚನೆಗಳು. ದೃಷ್ಟಿ ಮಸುಕಾದರೆ ಅಥವಾ ಕೆಂಪು-ಹಸಿರಿನ ಭೇದ ತಿಳಿಯದಾದರೆ ಇಥಾಂಬುಟಾಲ್ ಕಾರಣವಿರಬಹುದು. ಇಂತಹ ಲಕ್ಷಣ ಕಂಡ ದಿನವೇ ವೈದ್ಯರಲ್ಲಿಗೆ ಹೋಗಬೇಕು. ಕೈಕಾಲು ಜೋಮು ಹಿಡಿದರೆ ಬಿ-6 ಜೀವಸತ್ವ ನೆರವಾಗುತ್ತದೆ. ಮೂತ್ರ ಕೆಂಪಾಗುವುದು ರಿಫಾಂಪಿಸಿನ್‌ನ ಬಣ್ಣ, ಅದಕ್ಕೆ ಅಂಜಬೇಕಿಲ್ಲ. ಇದೇ ಔಷಧ ಸಕ್ಕರೆ ಕಾಯಿಲೆಯ ಕೆಲವು ಮಾತ್ರೆಗಳ ಹಾಗೂ ರಕ್ತ ಹೆಪ್ಪುಗಟ್ಟದಂತೆ ಕೊಡುವ ಕೆಲವು ಮಾತ್ರೆಗಳ ಬಲವನ್ನು ಕುಗ್ಗಿಸುತ್ತದೆ. ಆದುದರಿಂದ ಸೇವಿಸುತ್ತಿರುವ ಎಲ್ಲ ಔಷಧಗಳನ್ನೂ, ನಮ್ಮ ಚೂರ್ಣ-ಲೇಹ್ಯಗಳನ್ನೂ ಸೇರಿಸಿ, ವೈದ್ಯರಿಗೆ ತೋರಿಸಿರಿ.

ಮೇಲೆ ಹೇಳಿದ ಹಿರಿಯರು ಎರಡನೆಯ ತಿಂಗಳಲ್ಲೇ ಮಾತ್ರೆ ಬಿಟ್ಟು, “ಇನ್ನು ನಿಮ್ಮ ಚ್ಯವನಪ್ರಾಶ ಸಾಕಲ್ಲ, ಡಾಕ್ಟರ?” ಎಂದು ಬಂದರು. ನಾನು ಕೊಡಲಿಲ್ಲ. ಅಂದೇ ಅವರನ್ನು ಕ್ಷಯರೋಗ ಕೇಂದ್ರಕ್ಕೆ ಮರಳಿ ಕರೆದೊಯ್ದೆ. ನಲವತ್ತು ವರ್ಷ ಆಯುರ್ವೇದವನ್ನೇ ಕಾಯಕವಾಗಿಸಿಕೊಂಡವನಾಗಿ ಹೇಳುತ್ತೇನೆ: ಪಥ್ಯ, ವಿಶ್ರಾಂತಿ, ಪೌಷ್ಟಿಕ ಆಹಾರ ದೇಹಕ್ಕೆ ಬಲ ಕೊಡುತ್ತವೆ, ಕ್ಷಯದ ಜೀವಾಣುವನ್ನು ನಿರ್ಮೂಲ ಮಾಡುವುದು ಆ ಮಾತ್ರೆಗಳೇ. ಅವನ್ನು ಬಿಡಿಸಿ ಬೇರೆ ಔಷಧ ಕೊಡುವೆನೆಂಬವನು ನನ್ನ ಪದ್ಧತಿಯವನೇ ಆಗಿದ್ದರೂ ನಂಬಬೇಡಿರಿ.

ಜೋಳದ ರೊಟ್ಟಿ, ಬೇಳೆ, ಮೊಳಕೆಕಾಳು, ಶೇಂಗಾ, ಹಾಲು ರೋಗಿಗೆ ಹಿತ. ಸರ್ಕಾರಿ ಕೇಂದ್ರಗಳಲ್ಲಿ ಪರೀಕ್ಷೆ, ಔಷಧ ಉಚಿತ. ನಿಕ್ಷಯ ಪೋಷಣ ಯೋಜನೆಯಡಿ ಆಹಾರಕ್ಕೆ ನೀಡುತ್ತಿದ್ದ ತಿಂಗಳ 500 ರೂಪಾಯಿಯನ್ನು 2024ರ ನವೆಂಬರಿನಿಂದ 1000ಕ್ಕೆ ಏರಿಸಲಾಗಿದೆ. ಮನೆಯಲ್ಲಿ ಒಬ್ಬರಿಗೆ ಕ್ಷಯವಿದ್ದರೆ ಉಳಿದವರೆಲ್ಲರೂ ಪರೀಕ್ಷೆ ಮಾಡಿಸಿಕೊಳ್ಳಬೇಕು. ಐದು ವರ್ಷದೊಳಗಿನ ಮಕ್ಕಳಿಗೆ ರೋಗವಿಲ್ಲವೆಂದು ಖಚಿತವಾದ ಮೇಲೂ ತಡೆಗಟ್ಟುವ ಔಷಧ ಕೊಡಿಸಬೇಕು.

ಆ ಅಜ್ಜ, ಮೊಮ್ಮಗಳು ಇಬ್ಬರೂ ಚಿಕಿತ್ಸೆ ಪೂರೈಸಿ ಗುಣಮುಖರಾದರು. ಎರಡು ವಾರ ಮೀರಿದ ಕೆಮ್ಮು ನಿಮ್ಮ ಮನೆಯ ಹಿರಿಯರಿಗಿದ್ದರೆ ಈ ವಾರವೇ ಕಫ ಪರೀಕ್ಷೆ ಮಾಡಿಸಿರಿ. ಅದು ಮೊಮ್ಮಕ್ಕಳಿಗೂ ರಕ್ಷೆ.