ಪಡುವಣ ಗೋಡೆಯ ಬಿರುಕು

ಶಿವಮೊಗ್ಗದ ನಮ್ಮ ಮನೆಯಲ್ಲಿ ಪಡುವಣ ಗೋಡೆಯದ್ದೇ ಕಷ್ಟ. ಜೂನ್ ಬಂತೆಂದರೆ ಗಾಳಿ ಮಳೆಯನ್ನೆಲ್ಲ ತಂದು ಅದಕ್ಕೇ ಬಡಿಯುತ್ತದೆ. ಬೇಸಿಗೆಯಲ್ಲಿ ಸಂಜೆವರೆಗಿನ ಬಿಸಿಲೂ ಅದರ ಪಾಲಿಗೇ. ನೆನೆದು ಹಿಗ್ಗಿ, ಒಣಗಿ ಕುಗ್ಗಿ, ಕಿಟಕಿಯ ಮೂಲೆಯಿಂದ ಓರೆಯಾಗಿ ಒಂದು ಬಿರುಕು ಇಳಿದಿತ್ತು. ಗೇಟಿನ ಪಕ್ಕದ ಮೂಲೆಯಲ್ಲಿ ಮಗನ ಬೈಕಿನ ಹ್ಯಾಂಡಲ್ ತಾಗಿ, ಅಂಗೈಯಗಲ ಗಾರೆ ಹಾರಿ ಇಟ್ಟಿಗೆ ಕಾಣುತ್ತಿತ್ತು.

ಮೊದಲು ನಾನೇ ಮದ್ದು ಮಾಡಿದೆ. ಬಿಳಿ ಸಿಮೆಂಟು ತಂದು ದೋಸೆಹಿಟ್ಟಿನ ಹದಕ್ಕೆ ಕಲಸಿ, ಹಳೆಯ ಚಾಕುವಿನಲ್ಲಿ ಮೆತ್ತಿದೆ. ಎರಡು ವಾರ ಚಂದವಿತ್ತು. ಆಮೇಲೆ ಬಿರುಕಿನ ಎರಡೂ ದಡದಲ್ಲಿ ಕೂದಲೆಳೆಯಂಥ ಗೆರೆ ಬಂತು; ಮೂಲೆಯ ತೇಪೆ ಹಪ್ಪಳದ ಹಾಗೆ ಇಡಿಯಾಗಿ ಕೈಗೇ ಬಂತು.

ಮಳೆ ಮುಗಿದ ಮೇಲೆ, ನವೆಂಬರಿನಲ್ಲಿ, ಮೇಸ್ತ್ರಿಗೆ ಹೇಳಿಕಳಿಸಿದೆ. ಅವರು ಕರಣೆ ತಿರುಗಿಸಿ ಅದರ ಹಿಡಿಯಿಂದ ಗೋಡೆ ತಟ್ಟುತ್ತಾ ಹೋದರು, ಕಲ್ಲಂಗಡಿ ಆರಿಸುವವರ ಹಾಗೆ. ಕೆಲವೆಡೆ ‘ಟಣ್’, ಕೆಲವೆಡೆ ‘ಡಬ್’. ಡಬ್ ಎಂದಲ್ಲೆಲ್ಲ ಸೀಮೆಸುಣ್ಣದ ಗುರುತು.

“ಇಲ್ಲೆಲ್ಲ ಗಾರೆ ಇಟ್ಟಿಗೆಯನ್ನು ಬಿಟ್ಟುಬಿಟ್ಟಿದೆ ಅಮ್ಮಾ. ಬಣ್ಣದ ಮರ್ಯಾದೆಗೆ ನಿಂತಿದೆ ಅಷ್ಟೇ.”

ಅಂಗೈಯಗಲದ ಗಾಯ ಮೊರದಗಲವಾಯಿತು. ಬಿರುಕು ಒಳಗೋಡೆಯಲ್ಲೂ ಇದೆಯೇ ಎಂದು ಒಳಬಂದು ನೋಡಿದರು. ಇರಲಿಲ್ಲ. ಗೋಡೆಯ ಆಚೀಚೆ ಎರಡೂ ಕಡೆ ಕಾಣುವ, ವರ್ಷದಿಂದ ವರ್ಷಕ್ಕೆ ಅಗಲವಾಗುವ ಬಿರುಕಿಗೆ ಗಾರೆ ಮೆತ್ತಿ ಉಪಯೋಗವಿಲ್ಲ. ತಳಪಾಯ ಕುಸಿದಿರಬಹುದು, ಎಂಜಿನಿಯರೇ ನೋಡಬೇಕು.

ಸಡಿಲಾದದ್ದನ್ನೆಲ್ಲ ಉಳಿಯಿಂದ ಕೆತ್ತಿ ಬೀಳಿಸಿದರು. ಗುಂಡಿಯ ಅಂಚನ್ನು ಇಳಿಜಾರು ಬಿಡದೆ ನೆಟ್ಟಗೆ, ಒಳಗೆ ಕೊಂಚ ಅಗಲವಾಗುವಂತೆ ಕಡಿದರು. ಅಂಚಿನಲ್ಲಿ ಗಾರೆ ತೆಳುವಾದರೆ ಅಲ್ಲಿಂದಲೇ ಏಳುತ್ತದಂತೆ. ತಂತಿ ಬ್ರಷ್ಷಿನಲ್ಲಿ ಧೂಳು ತೆಗೆದು ನೀರು ಎರಚಿದಾಗ ಇಟ್ಟಿಗೆ ‘ಸುಂಯ್’ ಎಂದು ಹೀರಿತು. ಒಂದು ಚೊಂಬು, ಎರಡು, ಮೂರು. ನಾನು ತಪ್ಪಿದ್ದೇ ಇಲ್ಲಿ. ಸಿಮೆಂಟು ಗಟ್ಟಿಯಾಗುವುದು ಒಣಗಿ ಅಲ್ಲ, ನೀರಿನೊಡನೆ ಬೆರೆತು. ಬಾಯಾರಿದ ಇಟ್ಟಿಗೆ ಆ ನೀರನ್ನೇ ಕುಡಿದುಬಿಟ್ಟರೆ ಉಳಿಯುವುದು ಪುಡಿ.

ಮೇಲಿನ ಪಸೆ ಆರಿದ ಮೇಲೆ ತೆಳುವಾಗಿ ಸಿಮೆಂಟು ಹಾಲು ಬಳಿದರು. ಗಾರೆಗೆ ಒಂದು ಪಾಲು ಸಿಮೆಂಟಿಗೆ ಐದು ಪಾಲು ಜರಡಿ ಹಿಡಿದ ಮರಳು. “ಸಿಮೆಂಟು ಜಾಸ್ತಿ ಹಾಕಿ ಮೇಸ್ತ್ರಿ, ಗಟ್ಟಿಯಾಗಲಿ” ಎಂದೆ. ಒಪ್ಪಲಿಲ್ಲ. ಸಿಮೆಂಟು ಹೆಚ್ಚಾದಷ್ಟೂ ತೇಪೆ ಹೆಚ್ಚು ಕುಗ್ಗಿ, ಹಳೆಯ ಗಾರೆಯಿಂದ ಬಿಡಿಸಿಕೊಳ್ಳುತ್ತದೆ. ಕಲಸಿದ್ದೂ ಅರ್ಧ ಗಂಟೆಗೆ ಮುಗಿಯುವಷ್ಟೇ. ಮೊದಲ ಪದರಕ್ಕೆ ಕರಣೆಯಲ್ಲಿ ಗೀರು ಹಾಕಿ, ಮಾರನೆಯ ದಿನ ಎರಡನೆಯದು.

ಮೂಲೆಯ ಕೆಲಸ ನೋಡುವಂತಿತ್ತು. ಒಂದು ಬದಿಗೆ ನೇರವಾದ ರೀಪು ಒತ್ತಿ ಹಿಡಿದು ಇನ್ನೊಂದು ಬದಿ ತುಂಬಿದರು. ಗಾರೆ ಬಿಗಿದ ಮೇಲೆ ರೀಪನ್ನು ಕೀಳದೆ ಪಕ್ಕಕ್ಕೆ ಜಾರಿಸಿದರು. ಮೂಲೆ ಚಾಕುವಿನಲ್ಲಿ ಕೊಯ್ದಂತೆ ಬಂತು. ಬಿರುಕನ್ನು ಮಾತ್ರ ಇಂಗ್ಲಿಷಿನ ‘ವಿ’ ಆಕಾರಕ್ಕೆ ಬಿಡಿಸಿ, ಬಣ್ಣದಂಗಡಿಯ ಅಕ್ರಿಲಿಕ್ ಕ್ರ್ಯಾಕ್ ಪೇಸ್ಟ್ ತುಂಬಿದರು. ಗೋಡೆ ಅಲ್ಪಸ್ವಲ್ಪ ಮಿಸುಕಿದರೆ ಅದು ಹಿಗ್ಗಿಕೊಡುತ್ತದೆ, ಸಿಮೆಂಟು ಕೊಡುವುದಿಲ್ಲ. ಕಾಂಕ್ರೀಟಿನ ಕಂಬವೂ ಇಟ್ಟಿಗೆಯೂ ಕೂಡುವ ಕಡೆ ಬಿರುಕು ಬಿಟ್ಟಿದ್ದರೆ ಕೋಳಿಬಲೆ ಬಡಿದೇ ಗಾರೆ ಮಾಡಬೇಕಂತೆ.

(ತೀರ್ಥಹಳ್ಳಿ ಕಡೆಯ ನನ್ನ ತವರಿನ ಮಣ್ಣುಗೋಡೆಗೆ ಇದ್ಯಾವುದೂ ಸಲ್ಲದು. ಸುಣ್ಣದ ಗಾರೆಯ ಮೇಲೆ ಅಣ್ಣ ಸಿಮೆಂಟು ಬಳಿಸಿದ. ಒಳಗಿನ ತೇವ ಹೊರಹೋಗಲಾರದೆ ಸಿಮೆಂಟು ಹಾಳೆಹಾಳೆಯಾಗಿ ಎದ್ದಿತು. ಸುಣ್ಣಕ್ಕೆ ಸುಣ್ಣವೇ.)

ಏಳು ದಿನ ಗೋಣಿಚೀಲ ನೇತುಹಾಕಿ ಬೆಳಿಗ್ಗೆ, ಮಧ್ಯಾಹ್ನ, ಸಂಜೆ ನೀರು ಹೊಡೆದೆ. ಬಣ್ಣ ಬಳಿದದ್ದು ತಿಂಗಳು ಕಳೆದ ಮೇಲೆ. ಹಳೆಯ ಬಣ್ಣಕ್ಕೆ ಅದು ಹೊಂದಿಲ್ಲ, ತೇಪೆ ಎದ್ದು ಕಾಣುತ್ತದೆ. ಈ ಸಲದ ಮಳೆಯಾದ ಮೇಲೆ ಸೌಟಿನ ಹಿಡಿಯಿಂದ ತಟ್ಟಿ ನೋಡಿದೆ. ಟಣ್ ಎಂದಿತು. ಹಾಗೇ ತಟ್ಟುತ್ತಾ ಮುಂದೆ ಹೋದರೆ ಮೀಟರ್ ಪೆಟ್ಟಿಗೆಯ ಕೆಳಗೆ ಡಬ್. ಸೀಮೆಸುಣ್ಣ ಹುಡುಕಿ ಗುರುತು ಹಾಕಿದ್ದೇನೆ.